ಒಂದೇ ಮಾಸು, ಎರಡು ಕೂಸು: ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಯಾಕೆ?

ನಮಸ್ಕಾರ್ರೀ, ಚಿತ್ರದುರ್ಗದಿಂದ ಮಾತಾಡ್ತಾ ಇದೀನಿ. ದಾವಣಗೆರೆಯಿಂದ ಒಬ್ಬ ಅಕ್ಕ ಮೆಸೇಜ್ ಹಾಕಿದ್ರು, ನಾಲ್ಕು ತಿಂಗಳ ಬಸುರಿ, ಅವಳಿ, ರಿಪೋರ್ಟಲ್ಲಿ 'ಎಂಸಿಡಿಎ' ಅಂತ ಬರ್ದಾರೆ, ಡಾಕ್ಟ್ರು ಹೈ ರಿಸ್ಕ್ ಅಂತಾರೆ, ಅತ್ತೆ ನೋಡಿದ್ರೆ ಜೋಡಿ ಬಾಳೆಹಣ್ಣು ತಿಂದಿದ್ಯಲ್ಲ ಅದಕ್ಕೇ ಅಂತಾರೆ. ಬಾಳೆಹಣ್ಣನ್ನ ಬಿಟ್ಬಿಡಿ, ಪಾಪ ಅದು ಏನೂ ಮಾಡಿಲ್ಲ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಒಂದೇ ಅಂಡಾಣು ಫಲಿತ ಆಗಿ ಆಮೇಲೆ ಎರಡಾಗಿ ಒಡೆದ್ರೆ ತದ್ರೂಪಿ ಅವಳಿ, ಸುಮಾರು 250 ಹೆರಿಗೆಗೆ ಒಂದು. ಮೊದಲ 3 ದಿನದಲ್ಲಿ ಒಡೆದ್ರೆ ಮಾಸು, ಅಂದ್ರೆ ಪ್ಲಾಸೆಂಟಾ, ಬೇರೆ ಬೇರೆ. 4ರಿಂದ 8ನೇ ದಿನದೊಳಗೆ ಒಡೆದ್ರೆ ಮಾಸು ಒಂದೇ, ನೀರಿನ ಚೀಲ ಎರಡು, ಇದೇ ಎಂಸಿಡಿಎ. ಇನ್ನೂ ತಡ ಆದ್ರೆ ಚೀಲನೂ ಒಂದೇ, ಅದು ತೀರಾ ಅಪರೂಪ.

[ಶಾಟ್: ಕೋಟೆ, ಅಕ್ಕ-ತಂಗಿ ಹೊಂಡ]

ಈಗ ನನ್ ಫೇವರಿಟ್ ಪಾರ್ಟು. ನಮ್ಮ ಕೋಟೇಲಿ ಮೇಲಿನ ಹೊಂಡ ತುಂಬಿದ್ರೆ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತೆ, ಅಲ್ವಾ? ಒಂದೇ ಮಾಸಲ್ಲೂ ಹಂಗೇ, ಎರಡು ಕೂಸಿನ ರಕ್ತನಾಳ ಒಳಗೊಳಗೇ ಕೂಡಿರ್ತಾವೆ, ಆದ್ರೆ ಇಲ್ಲಿ ತುಂಬಿ ಹರಿಯೋದಲ್ಲ ಕಣ್ರೀ, ತುಂಬೋಕೆ ಮುಂಚೇನೇ ಸೋರೋದು. ಹೆಚ್ಚಿನವ್ರಲ್ಲಿ ಕೊಡೋದು ತಗೊಳ್ಳೋದು ಸಮ ಆಗುತ್ತೆ, ನೂರಕ್ಕೆ 10ರಿಂದ 15 ಬಸಿರಲ್ಲಿ ಮಾತ್ರ ರಕ್ತ ಒಂದೇ ಕಡೆ ಹರಿಯೋಕೆ ಶುರು. ರಕ್ತ ಕಳ್ಕೊಂಡ ಕೂಸು ಉಚ್ಚೆ ಹೊಯ್ಯೋದೇ ಕಮ್ಮಿ ಆಗುತ್ತೆ. ನಗಬೇಡಿ, ಈ ಹೊತ್ತಿಗೆ ಗರ್ಭದ ನೀರಲ್ಲಿ ಬಹುಪಾಲು ಕೂಸಿನ ಉಚ್ಚೇನೇ! ನೀರು ಬತ್ತಿದ್ರೆ ಚೀಲ, ಮಳೇಲಿ ನೆಂದ ಅಂಗಿ ಹಂಗೆ ಮೈಗೆ ಅಂಟ್ಕೊಳ್ಳುತ್ತೆ. ತಗೊಂಡ ಕೂಸು ಸುಖವಾಗಿರುತ್ತೆ ಅನ್ಕೊಂಡ್ರಾ? ಇಬ್ಬರ ರಕ್ತ ಪಂಪ್ ಮಾಡಿ ಮಾಡಿ ಅದರ ಹಾರ್ಟೇ ಸುಸ್ತು. ಪಾಲು ಕಿತ್ಕೊಂಡೋನೂ ನೆಮ್ಮದಿಯಾಗಿಲ್ಲ ಅಂದ್ರೆ, ನಮ್ ಕಡೆ ಜಮೀನಿನ ಕೇಸುಗಳೇ ನೆನಪಾಗ್ತವೆ ನಂಗೆ.

ಟೈಮ್ ಆಯ್ತು, ಉಳಿದಿದ್ದು ಒಂದೇ ಉಸಿರಲ್ಲಿ: ಮಾಸು ಒಂದಾ ಎರಡಾ ಅಂತ 11ರಿಂದ 14 ವಾರದ ಸ್ಕ್ಯಾನಿಂಗಲ್ಲೇ ಚೆನ್ನಾಗಿ ಕಾಣೋದು, ಒಂದೇ ಆದ್ರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ, ತಪ್ಪಿಸ್ಬೇಡಿ, ಒಂದು ಕಡೆ ನೀರಿನ ಆಳ 2 ಸೆಂಟಿಮೀಟರ್‌ಗಿಂತ ಕಮ್ಮಿ, ಇನ್ನೊಂದು ಕಡೆ 8ಕ್ಕಿಂತ ಜಾಸ್ತಿ ಆದ್ರೆ ಡಾಕ್ಟ್ರು ಎಚ್ಚರ ಆಗ್ತಾರೆ. ಜೋರಾದ್ರೆ ಸಣ್ಣ ಕೊಳವೆ ಬಿಟ್ಟು ಆ ರಕ್ತನಾಳಗಳನ್ನ ಲೇಸರಲ್ಲಿ ಮುಚ್ತಾರೆ, ಸಾಮಾನ್ಯವಾಗಿ 16ರಿಂದ 26 ವಾರದೊಳಗೆ, ಅದಕ್ಕೆ ಬೆಂಗಳೂರಿಗೆ ಓಡಬೇಕಾಗಬಹುದು. ಎಲ್ಲಾ ಸರಿಯಿದ್ರೂ ಹೆರಿಗೆ 36-37 ವಾರಕ್ಕೇ. ಹೊಟ್ಟೆ ದಿಢೀರಂತ ಬಿಗಿದು ಉಬ್ಬಿದ್ರೆ, ಉಸಿರು ಕಟ್ಟಿದ್ರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಗಂಡಾ ಹೆಣ್ಣಾ ಅಂತ ಮಾತ್ರ ಕೇಳಬೇಡಿ, 1994ರ ಕಾಯ್ದೆ ಐತೆ.

ಅಕ್ಕ, ಮುಂದಿನ ಸಲ ಹೋದಾಗ ಎರಡೂ ಕಡೆ ನೀರೆಷ್ಟು, ಎರಡೂ ಕೂಸಿನ ಮೂತ್ರಚೀಲ ಕಾಣ್ತೈತಾ ಅಂತ ಬಾಯಿಬಿಟ್ಟು ಕೇಳಿ. ಅತ್ತೇನೂ ಕರ್ಕೊಂಡೋಗಿ, ದಾರೀಲಿ ಇಬ್ರೂ ಒಂದೊಂದು ಬಾಳೆಹಣ್ಣು ತಿನ್ನಿ.