"ಯಾವ ಹರಕಿ ಹೊತ್ತೀಯೋ ತಮ್ಮಾ?"

ನಮಸ್ಕಾರ್ರಿ ಎಲ್ಲಾರಿಗೂ.

ಲಕ್ಷ್ಮೇಶ್ವರದಾಗ ಒಂದು ಚಾದಂಗಡಿ. ಸೈಕಲ್ ಗ್ವಾಡಿಗೆ ಆನಿಸಿ, ಹೆಲ್ಮೆಟ್ ತಗದು ಕುಂತೆ. ಬಾಜೂಕ ಒಬ್ಬ ಅಜ್ಜ. ನನ್ನ ಚೀಲಾ ನೋಡಿದ, ಮೈಗೆ ಅಂಟಿದ ಚಡ್ಡಿ ನೋಡಿದ, ಆಮ್ಯಾಲ ಮಾರಿ ನೋಡಿ ಕೇಳಿದ: "ಯಾವ ಹರಕಿ ಹೊತ್ತೀಯೋ ತಮ್ಮಾ?"

ಹರಕಿ ಏನಿಲ್ಲಜ್ಜ, ಸುಮ್ನ ಹೊಂಟೇನಿ ಅಂದೆ.

"ಸುಮ್ನ?" ಅಂದ. ಆ ಒಂದು ಮಾತಿನ್ಯಾಗ ನನ್ನ ಮ್ಯಾಲ ಎಷ್ಟು ಕನಿಕರ ಇತ್ತಂದ್ರ, ನನ್ನ ಚಾದ ರೊಕ್ಕಾನೂ ಅವನ ಕೊಟ್ಟ.

ಹೋದ ಜನವರಿಯೊಳಗ ಧಾರವಾಡದಿಂದ ಬಿಟ್ಟು ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ, ಶಿರಹಟ್ಟಿ, ಲಕ್ಷ್ಮೇಶ್ವರ, ಸವಣೂರ, ಹಾವೇರಿ, ಬ್ಯಾಡಗಿ, ಬಂಕಾಪುರ ಮಾಡಿ ತಿರುಗಿ ಹುಬ್ಬಳ್ಳಿಗೆ ಬಂದೆ. ಆರು ದಿವಸ. ಬಂದ ಮ್ಯಾಲ ದೋಸ್ತರೆಲ್ಲಾ ಕೇಳಿದ್ದು ಒಂದ: "ದಿನಕ್ಕ ಎಷ್ಟು ಕಿಲೋಮೀಟರ್ ಹೊಡದಿ?" ಯಾವ ಊರಾಗ ಯಾಕ ನಿಂತಿ ಅಂತ ಒಬ್ಬನೂ ಕೇಳಲಿಲ್ಲ. ಹಿಂಗಾಗಿ ಇವತ್ತ ನಿಂತ ಊರಿನ ಮಾತ ಆಡ್ತೀನಿ.

ಸೈಕಲ್ ಮ್ಯಾಲ ಊರು ಯಾಕ ಚೊಲೋ ಕಾಣ್ತಾವು ಅಂದ್ರ ಎಲ್ಲಾರೂ ಹೇಳೂದು ಒಂದು ಮಾತು ಐತಿ: ನಿಧಾನ ಹೋಗ್ತೀರಿ, ಅದಕ್ಕ. ನಾ ಇದನ್ನ ಒಪ್ಪೂದಿಲ್ರಿ. ಹುಬ್ಬಳ್ಳಿ ಪ್ಯಾಸೆಂಜರ್ ಗಾಡಿನೂ ಒಮ್ಮೊಮ್ಮೆ ಭಾಳ ನಿಧಾನ ಹೋಗ್ತೈತಿ, ಅದರಾಗ ಕುಂತವ್ರಿಗೆ ಅಣ್ಣಿಗೇರಿ ಅಂದ್ರ ಒಂದು ಬೋರ್ಡ್, ಅಷ್ಟ. ನಿಧಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾರಿನ್ಯಾಗ ಹೋಗಾವ್ಗ ಅಣ್ಣಿಗೇರಿಯಿಂದ ಏನೂ ಬೇಕಾಗಿರೂದಿಲ್ಲ. ನೀರ ಬಾಟಲಿ ಅವನ ಕಡೆ ಐತಿ, ದಾರಿ ಮೊಬೈಲ್ ಹೇಳ್ತೈತಿ. ಸೈಕಲ್ನ್ಯಾಗ ಹೋಗಾವ್ಗ ಇಪ್ಪತ್ತು ಕಿಲೋಮೀಟರಿಗೊಮ್ಮೆ ಯಾರರ ಬೇಕು. ನೀರು ಬೇಕು, ನೆರಳು ಬೇಕು, ಹವಾ ಹೊಡಿಯೋವ್ರು ಬೇಕು. ಬೇಡಿಕೊಂಡು ಹೋದವ್ಗ ಊರು ಬಾಗಲಾ ತಗೀತೈತಿ, ನೋಡಾಕ ಹೋದವ್ಗ ಗುಡಿ ಗೇಟ್ ತನಕ ಬಿಡ್ತೈತಿ. ಇದು ನನ್ನ ವಾದ. ಇದರಾಗ ಒಂದು ತೂತೂ ಐತಿ, ಅದನ್ನ ಆಮ್ಯಾಲ ಹೇಳ್ತೀನಿ.

ಮೊದಲನೇ ದಿನಾನ ಪಾಠ ಆತು. ನಮ್ಮ ಕಡೆ ಚಳಿಗಾಲದಾಗ ಮೂಡಗಾಳಿ ಬೀಸ್ತೈತಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗೂದಂದ್ರ ಮಾರಿಗೆ ಸರೀ ಎದುರುಗಾಳಿ. ಗದಗ ಸೀಮ್ಯಾಗ ಗುಡ್ಡದ ಮ್ಯಾಲ ಅಷ್ಟೊಂದು ಗಾಳಿ ಫ್ಯಾನ್ ಯಾಕ ನಿಲ್ಲಿಸ್ಯಾರಂತ ಆವತ್ತ ನನ್ನ ತೊಡಿಗೆ ತಿಳೀತು. ಎರಡೂ ಕಡೆ ಎರಿ ಹೊಲ, ಕಡ್ಲಿ, ಬಿಳಿಜ್ವಾಳ. ರಸ್ತಾ ಸಪಾಟ ಐತಿ ಅಂತ ನಕಾಶಿ ಹೇಳ್ತೈತಿ, ಆದ್ರ ಗಾಳಿ ಏರು ಏರಿಸ್ತೈತಿ. ಅಣ್ಣಿಗೇರಿ ಇನ್ನೂ ಐದಾರು ಕಿಲೋಮೀಟರ್ ಇದ್ದಾಗ ನೀರು ಮುಗೀತು. ಹೊಲದಾಗ ನಾಕು ಮಂದಿ ಕುಂತಿದ್ರು, ಕೇಳಿದೆ.

ನೀರು ಕೇಳಿದ್ದಕ್ಕ ಸೀತನಿ ಸಿಕ್ತು. ಗೊತ್ತಿಲ್ಲದವ್ರಿಗೆ ಹೇಳ್ತೀನಿ: ಜ್ವಾಳದ ತೆನಿ ಇನ್ನೂ ಹಾಲುಗಾಳು ಇದ್ದಾಗ, ನೆಲದಾಗ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡದಾಗ ಸುಡ್ತಾರ. ಸುಟ್ಟ ತೆನಿ ಬಿಸಿಬಿಸಿ ಇರೂಹೊತ್ನ್ಯಾಗ ಅಂಗೈಯೊಳಗ ತಿಕ್ಕಿ ಕಾಳು ಉದುರಿಸಬೇಕು. ಅಲ್ಲಿದ್ದ ಕಾಕಾನ ಅಂಗೈ ಸುಡತಿರಲಿಲ್ಲ, ನಂದು ಸುಟ್ತು. ಅವ ನಕ್ಕು, "ಬಿಡು ತಮ್ಮಾ, ನಿಂದು ಮೊಬೈಲ್ ಹಿಡಿಯೂ ಕೈ" ಅಂತ ತಾನ ಉದುರಿಸಿ, ಹೊಟ್ಟು ಊದಿ, ಪೇಪರ್ ಮ್ಯಾಲ ಹಾಕಿದ. ಹಸರ ಕಾಳು, ಒಂಚೂರು ಸಿಹಿ, ಒಂಚೂರು ಹೊಗಿ ವಾಸನಿ, ಮ್ಯಾಲ ಶೇಂಗಾ ಚಟ್ನಿ. ಈ ತಿನಿಸು ಯಾವ ಹೋಟೆಲ್ನ್ಯಾಗೂ ಸಿಗೂದಿಲ್ಲ. ತೆನಿ ಬಲಿತು ಗಟ್ಟಿ ಆತಂದ್ರ ಮುಗೀತು, ಮತ್ತ ಮುಂದಿನ ವರ್ಷನ. ಆ ನಾಕು ದಿನದಾಗ ಆ ಹೊಲದ ಮುಂದ ನಿಮ್ಮ ನೀರು ಮುಗೀಬೇಕು.

ಅಣ್ಣಿಗೇರಿಯೊಳಗ ಅಮೃತೇಶ್ವರ ಗುಡಿ ಐತಿ, ಕಲ್ಯಾಣ ಚಾಲುಕ್ಯರ ಕಾಲದ್ದು, ಎಪ್ಪತ್ತಾರು ಕಂಬ. ಕಾಕಾ ಹೇಳಿದ್ದಕ್ಕ ಒಳಗ ಹೋದೆ. ಹೇಳಿರಲಿಲ್ಲಂದ್ರ ಗದಗ ಮುಟ್ಟೂ ಗಡಿಬಿಡಿಯೊಳಗ ದಾಟಿ ಹೋಗಿರ್ತಿದ್ದೆ, ಖರೇ ಹೇಳ್ತೀನಿ.

ಗದಗ ಮುಟ್ಟಿದ ಮ್ಯಾಲ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ, ಗಿರ್ಮಿಟ್ಟು, ಮಿರ್ಚಿ. ಇವು ನಿಮಗ ಗೊತ್ತದಾವು, ಬಿಡ್ರಿ. ರಾತ್ರಿ ಖಾನಾವಳಿಯೊಳಗ ಎದುರಿಗೆ ಊಟಕ್ಕ ಕುಂತ ಮಾಸ್ತರರು ಕಣಗಿನಹಾಳದ ಸುದ್ದಿ ತಗದ್ರು. ಗದಗಿಗೆ ಹತ್ತಿರದ ಹಳ್ಳಿ. 1905ರಾಗ ಸಿದ್ದನಗೌಡ ಪಾಟೀಲರು ಅಲ್ಲೆ ರೈತರ ಸಹಕಾರಿ ಸಂಘ ಶುರು ಮಾಡಿದ್ರು, ದೇಶದಾಗ ಮೊದಲನೇ ಕೃಷಿ ಪತ್ತಿನ ಸಂಘ ಅದು. ಸಹಕಾರ ಸಂಘದ ಕಾಯ್ದೆ ಬಂದದ್ದ 1904ರಾಗ. ಕಾಯ್ದೆ ಬಂದು ವರ್ಷದಾಗ ಗದಗ ಸೀಮಿ ಒಂದು ಹಳ್ಳಿ ಅದನ್ನ ಹಿಡಕೊಂಡು ಎದ್ದು ನಿಂತಿತ್ತು. ನಮ್ಮ ಅಪ್ಪ ಮೂವತ್ತು ವರ್ಷ ಸೊಸೈಟಿಯಿಂದ ಸಾಲಾ ತಗದಾನ, ಆ ಸೊಸೈಟಿ ಶುರು ಆಗಿದ್ದು ಇಲ್ಲೆ ಅಂತ ನಾ ತಿಳಕೊಂಡಿದ್ದು ಖಾನಾವಳಿಯೊಳಗ ಎರಡನೇ ರೊಟ್ಟಿ ಮುರಿಯೂ ಮುಂದ.

ಲಕ್ಕುಂಡಿ ಬಗ್ಗೆ ಒಂದು ತಪ್ಪೊಪ್ಪಿಗಿ. ಕಾಲೇಜಿನ್ಯಾಗ ಇದ್ದಾಗ ಕಾರ್ ಮಾಡಿಕೊಂಡು ಹೋಗಿದ್ವಿ. ಕಾಶಿವಿಶ್ವೇಶ್ವರ ಗುಡಿ ಮುಂದ ಫೋಟೋ, ಇಪ್ಪತ್ತು ನಿಮಿಷ, ವಾಪಸ್. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲೇ ಐತಿ ಅನ್ನೂದನ್ನ ಸೈತ ನೋಡಿರಲಿಲ್ಲ. ಈ ಸಲ ಬಿಸಲಿಗೆ ತಾಳಲಾರದ ಮುಸುಕಿನ ಬಾವಿ ಮೆಟ್ಟಲ ಮ್ಯಾಲ ಹೋಗಿ ಕುಂತೆ. ಒಂದೊಂದ ಮೆಟ್ಟಲಾ ಇಳದಂಗ ತಂಪು ಏರತಿತ್ತು. ಈ ಬಾವಿ ಯಾಕ ಹಿಂಗ ಕಟ್ಯಾರ ಅಂತ ಬೆವತ ಬೆನ್ನಿಗೆ ತಿಳಿದಷ್ಟು ಕ್ಯಾಮರಾಕ್ಕ ತಿಳಿಯೂದಿಲ್ಲ.

ಈಗ ಡಂಬಳಕ್ಕ ಬರೂಣು. ನನಗ ಭಾಳ ಸೇರಿದ ಊರು ಅದು.

ಊರು ಕಣ್ಣಿಗೆ ಬೀಳೂಹೊತ್ತಿಗೆ ಹಿಂದಿನ ಗಾಲಿ ಪುಸ್ ಅಂತು. ಜಾಲಿಮುಳ್ಳು. ನೂಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಕಾಕಾ ಟ್ಯೂಬ್ ತಗದು, ಬುಟ್ಯಾಗಿನ ನೀರೊಳಗ ಮುಳುಗಿಸಿ, ಗುಳ್ಳಿ ಎಲ್ಲಿಂದ ಬರ್ತಾವಂತ ನೋಡಿ, ಉಜ್ಜಿ, ತೇಪಿ ಹಚ್ಚಿದ. ಅಲ್ಲೀತನಕ ಎಲ್ಲಾ ಸರಿ. ಹವಾ ಹೊಡಿಬೇಕಂದ್ರ ನನ್ನ ಟ್ಯೂಬಿನ ವಾಲ್ವು ಸಣ್ಣದು, ಪ್ರೆಸ್ಟಾ ಅಂತಾರ ಅದಕ್ಕ, ವಿದೇಶಿ ನಖರಾ. ಅವನ ಮಷೀನಿನ ಬಾಯಿ ಬೈಕಿನ ವಾಲ್ವಿಗೆ ಮಾಡಿದ್ದು, ಇದರ ಮ್ಯಾಲ ಕೂಡೂದಿಲ್ಲ. ನನ್ನ ಕೈಪಂಪು ಅವತ್ತ ಮುಂಜಾನೆ ಲಾಡ್ಜಿನ ಖೋಲಿಯೊಳಗ ಮರತು ಬಂದಿದ್ದೆ. ಅದನ್ನ ಕೇಳಿ ಅವ ಏನೂ ಅನ್ನಲಿಲ್ಲ, ಬರೇ ನೋಡಿದ.

ಆಮ್ಯಾಲ ವಾಲ್ವಿನ ಮ್ಯಾಲಿನ ಪ್ಲಾಸ್ಟಿಕ್ ಕ್ಯಾಪ್ ಬಿಚ್ಚಿ, ಬೆಳಕಿಗೆ ಹಿಡದು ತಿರುವಿ ತಿರುವಿ ನೋಡಿದ. ಬ್ಲೇಡಿನ್ಯಾಗ ಅದರ ತುದಿ ಒಂದು ಕಾಳಿನಷ್ಟು ಕೊಯ್ದ. ತಲಿಕೆಳಗ ಮಾಡಿ ವಾಲ್ವಿನ ಮ್ಯಾಲ ತಿರುವಿ ಕೂಡಿಸಿದ. ಸುತ್ತ ಒಂಚೂರು ದಾರಾ ಸುತ್ತಿದ. ಮಷೀನಿನ ಬಾಯಿ ಒತ್ತಿ ಹಿಡದ. ಗಾಲಿ ತುಂಬ್ತು. ನಾ ಇಂಜಿನಿಯರಿಂಗ್ ಓದೀನ್ರಿ. ಆ ಕ್ಯಾಪ್ ಎರಡು ವರ್ಷದಿಂದ ನನ್ನ ಕಣ್ಣ ಮುಂದ ಇತ್ತು.

"ಗಮ್ ಹಿಡಿಯೂತನಕ ಸಾಮಾನು ಕಟ್ಟಬ್ಯಾಡ್ರಿ, ಗುಡಿ ನೋಡಿ ಬರ್ರಿ" ಅಂತ ತನ್ನ ಮೊಮ್ಮಗನ್ನ ಜೋಡಿ ಕಳಿಸಿದ. ದೊಡ್ಡಬಸಪ್ಪನ ಗುಡಿ. ಹೊರಗಿನ ಗ್ವಾಡಿ ನಕ್ಷತ್ರದಂಗ ಮೂಲಿ ಮೂಲಿಯಾಗಿ ತಿರುಗ್ತೈತಿ, ಇಪ್ಪತ್ನಾಕು ಮೂಲಿ. ಹುಡುಗ ಎಣಿಸಾಕ ನಿಂತ. ಮೊದಲನೇ ಸಲ ಇಪ್ಪತ್ಮೂರು ಬಂತು, ಎರಡನೇ ಸಲ ಇಪ್ಪತ್ತೈದು. ಮೂರನೇ ಸಲ ಎಲ್ಲಿಂದ ಶುರು ಮಾಡಿದ್ನೋ ಅಲ್ಲೆ ತನ್ನ ಚಪ್ಪಲಿ ಇಟ್ಟು ಹೊಂಟ. ಎಷ್ಟು ಬಂತು ಅಂದೆ. "ಸಾಕ್ರಿ ಅಣ್ಣಾ, ಭಾಳ ಅದಾವು" ಅಂದ. ಎಂಟುನೂರಕ್ಕಿಂತ ಹೆಚ್ಚು ವರ್ಷದ ಹಿಂದ ಉಳಿ ಹಿಡದಾವ ಎಣಿಕಿ ತಪ್ಪಿರಲಿಲ್ಲ. ಇತ್ತ ಪಂಕ್ಚರ್ ಅಂಗಡಿಯಾಗ ಬ್ಲೇಡ್ ಹಿಡದಾವನ ಅಳತಿನೂ ತಪ್ಪಿರಲಿಲ್ಲ. ಗುಡಿ ಮುಂದ ಬೋರ್ಡ್ ಐತಿ, ಕಾಕಾನ ಅಂಗಡಿಗೆ ಬೋರ್ಡ್ ಸೈತ ಇಲ್ಲ.

ಶಿರಹಟ್ಟಿಯಿಂದ ಕತ್ತಲದಾಗ ಬಿಟ್ಟೆ, ಗಾಳಿ ಏಳೂಕ್ಕಿಂತ ಮೊದಲ ಹೋಗೂಣಂತ. ಮಾಗಡಿ ಕೆರಿ ಮುಟ್ಟೂದ್ರಾಗ ಬೆಳಕ ಹರೀತು. ಪಟ್ಟೆತಲೆ ಹೆಬ್ಬಾತು, ಹಿಮಾಲಯ ದಾಟಿ ಮಂಗೋಲಿಯಾ ಕಡಿಂದ ಬರೂ ಹಕ್ಕಿ, ಹೊಲದಿಂದ ಕೆರಿಗೆ ಸಾಲು ಸಾಲು ಇಳೀತಿದ್ವು. ಈ ಕೆರಿಗೆ 2024ರಾಗ ರಾಮ್ಸರ್ ಪಟ್ಟ, ಅಂದ್ರ ಜಗತ್ತಿನ ಮಹತ್ವದ ಜೌಗುನೆಲ ಅನ್ನೂ ಮನ್ನಣಿ, ಸಿಕ್ಕೈತಿ. ನಾ ಬಾಯಿ ತಕ್ಕೊಂಡು ನೋಡ್ಲಿಕ್ಹತ್ತಿದ್ದೆ. ಬಾಜೂಕ ಎತ್ತು ಹೊಡಕೊಂಡು ಹೊಂಟಿದ್ದ ರೈತ ಒಂದ ಮಾತು ಅಂದ: "ರಾತ್ರೆಲ್ಲಾ ನಮ್ಮ ಕಡ್ಲಿ ಮೇಯ್ದು ಈಗ ನೀರು ಕುಡಿಯಾಕ ಬಂದಾವು." ಸಿಟ್ಟಿಲ್ಲ ಅವನ ದನಿಯಾಗ. ಮನಿಗೆ ಬಂದ ಬೀಗರ ಊಟದ ಲೆಕ್ಕ ಹೇಳಿದಂಗಿತ್ತು. ಆದ್ರ ಲೆಕ್ಕ ಲೆಕ್ಕನ. ಹಕ್ಕಿ ಚಂದ ಅನ್ನಾಕ ನನಗೇನು ಖರ್ಚು ಬರ್ತೈತಿ, ಅವ್ಗ ಬರ್ತೈತಿ.

ಸವಣೂರಾಗ ಮಠದ ಆವರಣದಾಗ ದೊಡ್ಡ ಹುಣಸಿ ಮರ ನೋಡಿದೆ. ಹೆಸರಷ್ಟ ಹುಣಸಿ, ಅವು ಆಫ್ರಿಕಾದ ಬಾವೋಬಾಬ್. ಕಾಂಡ ಒಂದು ಖೋಲಿಯಷ್ಟು ದಪ್ಪ. ಸಮುದ್ರದಾಚಿ ಮರ ಬಂತು, ಹಣ್ಣಿನ ತಿರುಳು ಹುಳಿ ಹತ್ತಿತು, ಆತು, ಇದು ದೊಡ್ಡ ಹುಣಸಿ ಅಂತ ಊರವ್ರು ಹೆಸರಿಟ್ಟು ಒಳಗ ಕರಕೊಂಡ್ರು.

ಇನ್ನ ಹೈವೇ. ಹುಬ್ಬಳ್ಳಿ-ಹಾವೇರಿ ಹೈವೇದ ಮ್ಯಾಲ ನನಗ ಸಿಟ್ಟೈತಿ. ಟ್ರಕ್ಕಿನ ಹೆದರಿಕಿ ಒತ್ತಟ್ಟಿಗಿರಲಿ, ಅದು ಊರುಗಳನ್ನ ಬೋರ್ಡ್ ಮಾಡಿ ಇಟ್ಟೈತಿ. ಬಂಕಾಪುರ ಅಂದ್ರ ಈಗ ಒಂದು ಬಾಣದ ಗುರ್ತು. ಆ ಬಾಣ ಹಿಡದು ಒಳಗ ಹೋದ್ರ ಕೋಟೆಯೊಳಗ ಅರವತ್ತಾರು ಕಂಬದ ನಗರೇಶ್ವರ ಗುಡಿ, ಸುತ್ತಲೂ ನವಿಲಧಾಮ. ಗುಡಿಯೊಳಗ ನಿಂತ್ರ ನವಿಲಿನ ಕೂಗು ಕಂಬಕ್ಕ ಬಡದು ತಿರುಗಿ ಬರ್ತೈತಿ. ಮೋಟೆಬೆನ್ನೂರಾಗ ಎಷ್ಟು ಮಂದಿ ಊಟಕ್ಕ ಗಾಡಿ ನಿಲ್ಲಸ್ತಾರ! 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡದ ಮೈಲಾರ ಮಹಾದೇವಪ್ಪನ ಊರು ಅದು. ನನಗೂ ಗೊತ್ತಿರಲಿಲ್ಲ, ಬ್ಯಾಡಗಿ ದಾರಿ ಕೇಳಿದ್ದಕ್ಕ ಕಿರಾಣಿ ಅಂಗಡಿಯಾವ ಹೇಳಿದ. ಬ್ಯಾಡಗಿಯೊಳಗ ಮೆಣಸಿನಕಾಯಿ ರಾಶಿ ಬಾಜೂಕ ಹಾದ್ರ ಸೀನು ತಡಿಯೂದಿಲ್ಲ. ಡಬ್ಬಿ ಯಾವುದು ಕಡ್ಡಿ ಯಾವುದು ಅಂತ ಹಮಾಲರ ಕಡೆ ಕೇಳಿ ಕಲತೆ. ಡಬ್ಬಿ ಗಿಡ್ಡಕ ದುಂಡಗ, ಕಡ್ಡಿ ತೆಳ್ಳಗ ಉದ್ದಕ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ.

ಇನ್ನ ತೂತಿನ ಮಾತು. ಇದನ್ನೆಲ್ಲಾ ಮನ್ಯಾಗ ಹೇಳಿ ಬೀಗಿಕೊಂತ ಕುಂತಾಗ ನಮ್ಮ ತಂಗಿ ಕೇಳಿದ್ಲು: "ಅಣ್ಣಾ, ಹೊಲದಾಗ ಕುಂತ ನಾಕು ಗಂಡಸರ ಕಡೆ ಹೋಗಿ ನಾ ನೀರು ಕೇಳ್ಲೇನು? ಕತ್ತಲದಾಗ ಶಿರಹಟ್ಟಿ ಬಿಡ್ಲೇನು?" ನನ್ನ ಕಡೆ ಉತ್ತರ ಇರಲಿಲ್ಲ. ಊರು ಬಾಗಲಾ ತಗೀತೈತಿ ಅಂದೆನಲ್ಲ, ಯಾರಿಗೆ ತಗೀತೈತಿ ಅನ್ನೂದು ಬ್ಯಾರೆ ಮಾತು. ಒಂದು ಊರಾಗ ನನಗೂ ಲಾಡ್ಜಿನವ್ರು, ಸೈಕಲ್ ನೋಡಿ, ಖೋಲಿ ಇಲ್ಲಂದ್ರು. ಹತ್ತು ನಿಮಿಷದ ಮ್ಯಾಲ ಕಾರಿನವ್ರಿಗೆ ಕೊಟ್ರು. ನನಗ ಒಂದ ರಾತ್ರಿ ಆಗಿದ್ದು ಎಷ್ಟೋ ಮಂದಿಗೆ ದಿನಾ ಆಗ್ತೈತಿ.

ಆದ್ರ ತಂಗಿಗೆ ನವಲಗುಂದದ ಕತಿ ಹೇಳಿದೆ. ಅದು ಅದಕ್ಕಿಂತ ಮೊದಲಿನ ಅಕ್ಟೋಬರ್ ಮಾತು. ಮಳಿ ಆಗಿ ನಿಂತಿತ್ತು, ಹತ್ತಿರ ಆಗ್ತೈತಂತ ಹೊಲದ ದಾರಿ ಹಿಡದೆ. ಎರಿಮಣ್ಣು ಗಾಲಿಗೆ ಸುತ್ತಿ, ಬ್ರೇಕಿನ ಸಂದಿಯೊಳಗ ತುಂಬಿ, ಗಾಲಿ ತಿರುಗೂದ ಬಂದ್ ಆತು. ಹೊತಕೊಂಡು ಊರು ಮುಟ್ಟಿದೆ. ಕಟ್ಟಿ ಮ್ಯಾಲ ಕುಂತ ಆಯಿ, "ಹಸೀದಿದ್ದಾಗ ಅದರ ಜೋಡಿ ಜಗಳಾಡಬ್ಯಾಡ ಯಪ್ಪಾ, ಒಣಗಲಿ, ತಾನ ಉದರ್ತೈತಿ" ಅಂದ್ಲು. ಕಾಯಕೊಂತ ಕುಂತಾಗ ಒಳಗಿಂದ ಟಕ್ ಟಕ್ ಸಪ್ಪಳ. ನಿಂತ ಮಗ್ಗದ ಮುಂದ ಹೆಣ್ಮಕ್ಕಳು ಕುಂತು ಜಮಖಾನ ನೇಯ್ತಿದ್ರು. ಒಂದೊಂದ ಎಳಿ ಹಾಕಿ ಹಣಿಗಿಲೆ ಬಡೀತಾರ. ನವಲಗುಂದ ಜಮಖಾನ ಹೆಣ್ಮಕ್ಕಳ ಕೆಲಸ. ಈ ವಿದ್ಯಾ ಸೊಸಿಗೆ ಕಲಸ್ತಾರ, ಮಗಳಿಗೆ ಕಲಸೂದಿಲ್ಲ ಅಂತಾರ. ಮಗಳು ಲಗ್ನ ಆಗಿ ಬ್ಯಾರೆ ಊರಿಗೆ ಹೋದ್ರ ವಿದ್ಯಾನೂ ಹೋಗ್ತೈತಂತ. ನಾ ಬಾಗಲದಾಗ ನಿಂತ ನೋಡಿದೆ, ಒಳಗ ಕರೀಲಿಲ್ಲ. ಕರಿಯೂದು ಸರಿನೂ ಅಲ್ಲ ಬಿಡ್ರಿ.

"ಅಲ್ಲೆ ನನ್ನ ಒಳಗ ಕರೀತಿದ್ರು" ಅಂದ್ಲು ತಂಗಿ.

ಮುಂದಿನ ಐತವಾರ ಇಬ್ಬರೂ ನವಲಗುಂದಕ್ಕ ಹೊಂಟೀವಿ. ಎಲ್ಲೆ ನಿಲ್ಲೂದು ಅನ್ನೂದು ಆಕಿ ಹೇಳ್ತಾಳ, ಅದು ಆಕಿ ಕರಾರು. ಐದೂವರಿಗೆ ಬಿಡಬೇಕು, ಪಂಪು ಈ ಸಲ ಆಕಿ ಚೀಲದಾಗ ಇರ್ತೈತಿ.