ಅಮ್ಮನ ಚೀಟಿ ದುಡ್ಡು, ಮೂರು ಎಫ್‌ಡಿ

ನಮಸ್ಕಾರ ಎಲ್ರಿಗೂ, ಅಮ್ಮಂಗೆ ಚೀಟಿ ದುಡ್ಡು 3 ಲಕ್ಷ ಬಂತು, ಅದನ್ನ ಎಫ್‌ಡಿ ಇಡೋಕೆ ಇವತ್ತು ಇಬ್ರೂ ಬ್ಯಾಂಕಿಗೆ ಹೊರಟಿದೀವಿ. ಅಮ್ಮ ಒಂದೇ ಬಾಂಡ್ (ಎಫ್‌ಡಿ ರಸೀದಿ) ಸಾಕು ಅಂತಾರೆ, ನಾನು ಒಂದೊಂದು ಲಕ್ಷದ್ದು ಮೂರು ಮಾಡ್ಸೋಣ ಅಂತ ಬೆಳಗ್ಗೆಯಿಂದ ಹೇಳ್ತಾನೇ ಇದೀನಿ.

ಎಫ್‌ಡಿ ಅಂದ್ರೆ ಇಷ್ಟು ದಿನ ಈ ದುಡ್ಡು ಮುಟ್ಟಲ್ಲ ಅಂತ ಒಪ್ಕೊಂಡು ಇಡೋದು, ಅದಕ್ಕೇ ಬ್ಯಾಂಕ್‌ನೋರು ಎಸ್‌ಬಿ ಅಕೌಂಟ್‌ಗಿಂತ ಜಾಸ್ತಿ ಬಡ್ಡಿ ಕೊಡ್ತಾರೆ, ಸಾಮಾನ್ಯವಾಗಿ ಇಟ್ಟ ದಿನದ ರೇಟೇ ಕೊನೇ ತನಕ. ಲೆಕ್ಕಕ್ಕೆ 7 ಪರ್ಸೆಂಟ್ ಅಂತ ಇಟ್ಕೊಳ್ಳಿ. 1 ಲಕ್ಷಕ್ಕೆ ಮೊದಲ ಮೂರು ತಿಂಗಳಿಗೆ 1,750 ರೂಪಾಯಿ ಬಡ್ಡಿ, ಅದು ಅಸಲಿಗೆ ಸೇರ್ಕೊಳುತ್ತೆ, ಮುಂದಿನ ಮೂರು ತಿಂಗಳ ಬಡ್ಡಿ 1,01,750ರ ಮೇಲೆ, ಅಂದ್ರೆ 1,780 ಚಿಲ್ಲರೆ, ಹೀಗೇ ಬೆಳ್ಕೊಂಡು ವರ್ಷಕ್ಕೆ 1,07,186 ಆಗುತ್ತೆ. ಐದು ವರ್ಷ ಹಾಗೇ ಬಿಟ್ರೆ 1,41,478! ತಿಂಗಳು ತಿಂಗಳು ಬಡ್ಡಿ ಕೈಗೆ ತಗೋಬಹುದು, ಆದ್ರೆ ಆಗ ಈ ಚಕ್ರಬಡ್ಡಿ ಇರಲ್ಲ. ಅಮ್ಮನಂಥ ಸೀನಿಯರ್ ಸಿಟಿಜನ್‌ಗೆ ಬಹಳಷ್ಟು ಬ್ಯಾಂಕಲ್ಲಿ ಅರ್ಧ ಪರ್ಸೆಂಟ್ ಜಾಸ್ತಿನೂ ಸಿಗುತ್ತೆ.

ಈಗ ಮುರಿಸೋ ವಿಷ್ಯ. ಐದು ವರ್ಷಕ್ಕೆ 7ಕ್ಕೆ ಇಟ್ಟು ಒಂದೇ ವರ್ಷಕ್ಕೆ ತೆಗೆದ್ರೆ 7 ಕೊಡಲ್ಲ, ಒಂದು ವರ್ಷದ ಎಫ್‌ಡಿಗೆ ನಾವು ಇಟ್ಟ ದಿನ ಏನು ರೇಟ್ ಇತ್ತೋ ಅದನ್ನ ಹಿಡೀತಾರೆ, ಅದ್ರಲ್ಲೂ ಪೆನಾಲ್ಟಿ ಅಂತ ಅರ್ಧನೋ ಒಂದೋ ಪರ್ಸೆಂಟ್ ಕಟ್ ಮಾಡ್ತಾರೆ. ಆ ರೇಟ್ 6.5 ಇತ್ತು, ಪೆನಾಲ್ಟಿ 1 ಅಂದ್ರೆ ಕೈಗೆ ಬರೋದು ಐದೂವರೆ ಲೆಕ್ಕ, 1,05,614. ಆಸ್ಪತ್ರೆಗೆ ಅಂತ ಅರ್ಜೆಂಟಾಗಿ 80 ಸಾವಿರ ಬೇಕಾದ್ರೆ ಪೂರ್ತಿ 3 ಲಕ್ಷದ ಬಡ್ಡಿ ಯಾಕೆ ಕಮ್ಮಿ ಮಾಡ್ಕೋಬೇಕು, ಒಂದು ಬಾಂಡ್ ಮುರಿಸಿದ್ರೆ ಸಾಕಲ್ವಾ, ಉಳಿದೆರಡು ಅದರ ಪಾಡಿಗೆ ಬೆಳೀತಿರುತ್ತೆ. ಕೆಲವೇ ತಿಂಗಳಿಗೆ ಬೇಕು ಅಂದ್ರೆ ಮುರಿಸೋದೂ ಬೇಡ, ಎಫ್‌ಡಿ ಮೇಲೇ ಸಾಲ ಸಿಗುತ್ತೆ.

ಅಮ್ಮನ ಭಯ ಬೇರೆ, ಬ್ಯಾಂಕೇ ಮುಳುಗಿದ್ರೆ? ಅಸಲು ಬಡ್ಡಿ ಎರಡೂ ಸೇರಿ ಒಂದು ಬ್ಯಾಂಕಲ್ಲಿ ಒಬ್ಬರಿಗೆ 5 ಲಕ್ಷದ ತನಕ ಇನ್ಶೂರೆನ್ಸ್ ಇದೆ, 2020ರಲ್ಲಿ 1 ಲಕ್ಷದಿಂದ ಏರ್ಸಿದ್ದು, ಹಾಗಾಗಿ ನಮ್ ದುಡ್ಡು ಅದರೊಳಗೇ ಇದೆ.

ಹಾ, ಅಮ್ಮ ಒಪ್ಕೊಂಡ್ರು, ಮೂರು ಫಾರ್ಮ್ ತಗೊಂಡ್ವಿ. ಫಾರ್ಮ್ ಕೆಳಗಡೆ ಮೆಚ್ಯೂರಿಟಿ ಆದ್ಮೇಲೆ, ಅಂದ್ರೆ ಅವಧಿ ಮುಗಿದ್ಮೇಲೆ, ಏನ್ ಮಾಡ್ಬೇಕು ಅಂತ ಒಂದು ಸಾಲು ಇದೆ ನೋಡಿ, ಅದನ್ನ ಓದಿ ಟಿಕ್ ಮಾಡಿ ಪ್ಲೀಸ್. ಒಂದಕ್ಕೆ ಎಸ್‌ಬಿ ಅಕೌಂಟ್‌ಗೆ ಹಾಕಿ ಅಂತ ಬರ್ಸಿದೀವಿ, ಎರಡಕ್ಕೆ ರಿನ್ಯೂವಲ್.