ಅಮ್ಮನ ಕಡೆ ಕೇಳಿದಿರಾ?

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಮಡಿಕೇರಿಗೆ ಬಂದಿದ್ದೀರಿ, ತುಂಬಾ ಸಂತೋಷ. ರೋಗಿಗಳನ್ನು ನೋಡುತ್ತಲೇ ಲ್ಯಾಬಿನಲ್ಲಿ ಅಪರೂಪದ ಕಾಯಿಲೆಗಳ ಜೀನ್ ಹುಡುಕುವುದನ್ನು ಹೇಗೆ ಕಲಿತೆ ಅಂತ ಹೇಳಬೇಕಂತೆ. ಒಬ್ಬ ಅಜ್ಜಿಯಿಂದಲೇ ಶುರು ಮಾಡುತ್ತೇನೆ.

ಆಗ ನನ್ನ ತರಬೇತಿಯ ಎರಡನೇ ವರ್ಷ. ಒಬ್ಬ ಹುಡುಗ ಬಂದ, ನಮ್ಮ ಕಡೆಯವನೇ. ನೆಲದಿಂದ ಏಳುವಾಗ ತೊಡೆಗೆ ಕೈ ಊರಿ ಏಳುತ್ತಿದ್ದ. ಮೀನಖಂಡ ದಪ್ಪ. ಡುಶೆನ್ ಇರಬೇಕು ಅನಿಸಿತು. ಅದರಲ್ಲಿ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುತ್ತವೆ. ಬೇರೆ ಯಾರಿಗಾದರೂ ಹೀಗಿತ್ತಾ ಅಂತ ಅಪ್ಪನನ್ನು ಕೇಳಿದೆ. "ನಮ್ಮ ಒಕ್ಕದಲ್ಲಿ ಯಾರಿಗೂ ಇಲ್ಲ" ಅಂದರು. ಒಕ್ಕ ಅಂದರೆ ಕೊಡವರ ಮನೆತನ. 'ಇಲ್ಲ' ಅಂತ ಬರೆದೆ. ತಾಯಿ ಪಕ್ಕದಲ್ಲೇ ಕೂತಿದ್ದರು. ಅವರನ್ನು ಕೇಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ವರದಿ ಬಂತು. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಜೀನಿನ 79 ತುಂಡುಗಳಲ್ಲಿ ನಡುವಿನ ಕೆಲವು ಇರಲಿಲ್ಲ. ವಿಷಯ ತಿಳಿಸಲು ಮನೆಗೆ ಹೋದೆ. ತಾಯಿಯ ತಾಯಿ ಅಲ್ಲಿದ್ದರು. ಎಲ್ಲ ಕೇಳಿಸಿಕೊಂಡು ಒಳಗೆ ಹೋದರು. ಬರುವಾಗ ಕೈಯಲ್ಲಿ ಕಾಫಿ ಬೀಜ, ಒಳ್ಳೆಮೆಣಸು. ಹೆಣ್ಣಿಗೊಂದು ಬೀಜ, ಗಂಡಿಗೊಂದು ಮೆಣಸು. ನಮ್ಮ ಪುಸ್ತಕದಲ್ಲಿ ವೃತ್ತ, ಚೌಕ ಬರೆಯುತ್ತೇವೆ, ಅಷ್ಟೇ ವ್ಯತ್ಯಾಸ! ನೆಲದ ಮೇಲೆ ಮೂರು ತಲೆಮಾರು ಹರಡಿದರು. ನಡೆಯಲಾಗದೆ ಹೋದವರನ್ನು ಒಂದೊಂದಾಗಿ ಮುಂದೆ ತಳ್ಳಿದರು. ಅಜ್ಜಿಯ ತಮ್ಮ. ಅಜ್ಜಿಯ ಮಗ. ಅಜ್ಜಿಯ ತಂಗಿಯ ಮಗ. ಈಗ ಈ ಮೊಮ್ಮಗ. ನಾಲ್ಕೂ ಮೆಣಸು. ನಾಲ್ಕೂ ಬೇರೆ ಬೇರೆ ಒಕ್ಕ.

ನೋಡಿ, ಒಕ್ಕದ ಹೆಸರು ಅಪ್ಪನಿಂದ ಬರುತ್ತದೆ. ಈ ಕಾಯಿಲೆ ಎಕ್ಸ್ ಕ್ರೋಮೋಸೋಮಿನಲ್ಲಿ, ಹೆಣ್ಣಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳದೆ, ಅಮ್ಮನಿಂದ ಮಗನಿಗೆ ಬರುತ್ತದೆ. ಹೆಣ್ಣು ಮದುವೆಯಾಗಿ ಹೋದ ಹಾಗೆಲ್ಲ ಅದೂ ಹೊಸ ಒಕ್ಕ ಸೇರುತ್ತದೆ. ಒಕ್ಕದ ಮೂಲಮನೆಯಾದ ಪ್ರತಿ ಐನ್‌ಮನೆಯಲ್ಲೂ ಒಬ್ಬನೇ ಹುಡುಗ, ಯಾರದೋ ದುರದೃಷ್ಟ ಅಂತ ಕಾಣುತ್ತದೆ. ಪೂರ್ತಿ ಲೆಕ್ಕ ಇದ್ದದ್ದು ತಾಮನೆಯ, ಅಂದರೆ ಅಮ್ಮನ ತವರಿನ, ನೆನಪಿನಲ್ಲಿ. ಅದಕ್ಕೇ ಹೇಳುವುದು, ಅಮ್ಮನ ಕಡೆ ಕೇಳಿ.

ಸಾಲಿನ ಕೊನೆಗೆ ಇನ್ನೊಂದು ಬೀಜ ಇತ್ತು. ಹುಡುಗನ ಚಿಕ್ಕಮ್ಮ, ಮದುವೆ ಗೊತ್ತಾಗಿದ್ದವಳು. ಅವಳಲ್ಲೂ ಆ ಕೆಟ್ಟ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ವರದಿ ಹುಡುಗನ ಬಗ್ಗೆ ಮಾತ್ರ ಹೇಳಿತ್ತು. ಅವಳನ್ನು ತೋರಿಸಿದ್ದು ಅಜ್ಜಿ.

ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್ ಕೂಡ ಹೀಗೇ ಕೇಳಿದವರು. ಮೂತ್ರ ಕಪ್ಪಾಗುವ ಮಕ್ಕಳ ಅಪ್ಪ-ಅಮ್ಮಂದಿರಲ್ಲಿ ಹಲವರು ರಕ್ತಸಂಬಂಧಿಗಳು ಅಂತ ಗಮನಿಸಿ 1902ರಲ್ಲಿ ಬರೆದರು. ಆಗ ಜೀನ್ ಅನ್ನೋ ಪದವೇ ಇರಲಿಲ್ಲ! ವಾರ್ಡೂ ಲ್ಯಾಬೂ ಒಬ್ಬರ ತಲೆಯಲ್ಲೇ ಇದ್ದರೆ ಇಂಥ ಪ್ರಶ್ನೆ ಹುಟ್ಟುತ್ತದೆ.

ಸುಮಾರು ಮೂರರಲ್ಲಿ ಒಂದು ಡುಶೆನ್ ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯಿಂದ ಬರುತ್ತದೆ, ವಂಶದಲ್ಲಿ ಏನೂ ಸಿಗುವುದಿಲ್ಲ. ಆದರೂ ಅಮ್ಮನ ಕಡೆ ಕೇಳಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಈ ದಾರಿಗೆ ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಜೆನೆಟಿಕ್ಸ್‌ನಲ್ಲಿ ಡಿಎಂ (ಎಂಡಿ ಮೇಲಿನ ಪದವಿ) ಮೂರು, ಪಿಎಚ್‌ಡಿ ಬೇರೆ. ಜಾಸ್ತಿನೇ, ಅಲ್ವಾ? ಫೆಲೋಶಿಪ್ ಬಗ್ಗೆ ಟೀ ಹೊತ್ತಿಗೆ ಕೇಳಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯನ್ನು ನೀವೇ ಓದಿಕೊಳ್ಳಿ.

ಹೊರಗಿನ ಮೇಜಿನ ಮೇಲೆ ಕಾಫಿ ಬೀಜ, ಒಳ್ಳೆಮೆಣಸು ಇಟ್ಟಿದ್ದೇನೆ. ಬನ್ನಿ, ಮೊದಲು ನಿಮ್ಮ ಅಮ್ಮನ ಅಮ್ಮನಿಗೊಂದು ಬೀಜ ಇಡಿ.